ಕುವೆಂಪುನಗರದಲ್ಲಿ ಯುವಿ ಲ್ಯಾಶ್: ಕೆಲಸ ಚೆನ್ನಾಗಿದೆ, ಬೋರ್ಡ್ ಸುಳ್ಳು

ಮಂಡ್ಯದಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ಅದಕ್ಕೆ ಒಂದು ವಾರ ಮುಂಚೆ ಕುವೆಂಪುನಗರದ ಒಂದು ಪಾರ್ಲರ್‌ಗೆ ಹೋದೆ. ಹಿಂದೊಮ್ಮೆ ಬೇರೆ ಕಡೆ ಮಾಮೂಲಿ ಅಂಟಿನಲ್ಲಿ ಲ್ಯಾಶ್, ಅಂದರೆ ರೆಪ್ಪೆ ಕೂದಲಿಗೆ ಅಂಟಿಸುವ ಕೃತಕ ಎಳೆ, ಹಾಕಿಸಿದಾಗ ಈರುಳ್ಳಿ ಹೆಚ್ಚಿದ ಹಾಗೆ ಕಣ್ಣು ಉರಿದಿತ್ತು. ಇಲ್ಲಿ ಲೈಟ್ ಹಿಡಿದರೆ ಗಟ್ಟಿಯಾಗುವ ಅಂಟು. ಗೋಡೆ ಮೇಲೆ 'ಕೆಮಿಕಲ್ ಫ್ರೀ' ಅಂತ ಬೋರ್ಡ್ ಬೇರೆ.

ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು, ಸುಮ್ನೆ ಮಲಗುವುದಾದರೂ ಹೇಗೆ? ಲ್ಯಾಶ್ ಹಾಕುವ ಹುಡುಗಿಗೆ "ಅಂಟಿನ ಬಾಟಲಿ ಕೊಡಮ್ಮ" ಅಂದೆ. ಕಿರುಬೆರಳಷ್ಟು ಬಾಟಲಿ, ಗಸಗಸೆಯಷ್ಟು ಅಕ್ಷರ. ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಮೊದಲ ಹೆಸರೇ ಈಥೈಲ್ ಸೈನೋಅಕ್ರಿಲೇಟ್. ಅಂದರೆ ಕಿತ್ತುಹೋದ ಚಪ್ಪಲಿ ಅಂಟಿಸುತ್ತೇವಲ್ಲ, ಆ ಅಂಟಿನ ದಾಯಾದಿ. ಕೊನೆಯಲ್ಲಿ ಟಿಪಿಒ, ಬೆಳಕು ಬಿದ್ದಾಗ ಅಂಟನ್ನು ಗಟ್ಟಿ ಮಾಡಿಸುವ ಕೆಮಿಕಲ್.

ಮಾಮೂಲಿ ಅಂಟು ಗಾಳಿಯ ತೇವದಿಂದ ನಿಧಾನಕ್ಕೆ ಗಟ್ಟಿಯಾಗುತ್ತದೆ. ಕಣ್ಣು ಉರಿಯುವುದು ಅದರ ಆವಿಗೆ. ಇಲ್ಲಿ 400 ನ್ಯಾನೋಮೀಟರ್ ಆಸುಪಾಸಿನ ನೇರಳೆ ಬೆಳಕು ಬಿದ್ದ ಕೂಡಲೇ ಟಿಪಿಒ ಒಡೆಯುತ್ತದೆ, ಆ ಚೂರುಗಳು ಅಂಟಿನ ಅಣುಗಳನ್ನು ಒಂದಕ್ಕೊಂದು ಪೋಣಿಸುತ್ತವೆ. ಎರಡು ಮೂರು ಸೆಕೆಂಡ್, ಅಷ್ಟೇ. ಹಾಗಾಗಿ ಆವಿ ಕಮ್ಮಿ. ಆದರೆ ಸೈನೋಅಕ್ರಿಲೇಟ್ ಅಲರ್ಜಿ ಇರುವವರಿಗೆ ಇದೂ ಆಗಿಬರುವುದಿಲ್ಲ. ಇನ್ನು ಟಿಪಿಒ: ಸಂತಾನಶಕ್ತಿಗೆ ಹಾನಿ ಮಾಡಬಹುದು ಅಂತ ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಅದನ್ನು ಮೇಕಪ್ ಸಾಮಾನುಗಳಲ್ಲಿ ನಿಷೇಧಿಸಿದೆ. ಒಂದು ಸಲದ ಚಿಟಿಕೆ ಅಂಟಿಗೆ ನಾನೇನೂ ಹೆದರಲಿಲ್ಲ. ದಿನವಿಡೀ ಅದರ ಮುಂದೆ ಕೂರುವ ಆ ಹುಡುಗಿಗೆ ಗೊತ್ತಿರಬೇಕಲ್ವಾ?

ಪ್ಯಾಚ್ ಟೆಸ್ಟ್ (ಅಲರ್ಜಿ ಆಗುತ್ತದಾ ಅಂತ ಮೊದಲು ಸ್ವಲ್ಪ ಹಾಕಿ ನೋಡುವುದು) ಕೇಳಿದರೆ "ಇದಕ್ಕೆ ಬೇಡ ಅಕ್ಕ" ಅಂದಳು. ನಾನು ಬಿಡಲಿಲ್ಲ. ಎಡಗಣ್ಣಿನ ಅಂಚಿಗೆ ನಾಲ್ಕೇ ಎಳೆ ಹಾಕಿಸಿಕೊಂಡು ಮನೆಗೆ ಬಂದೆ. ಎರಡು ದಿನ ಕಾದೆ. ತುರಿಕೆ ಇಲ್ಲ, ಊತ ಇಲ್ಲ. ಆಮೇಲೆಯೇ ಪೂರ್ತಿ ಹಾಕಿಸಿದ್ದು.

ಕೈಚಳಕಕ್ಕೆ ಮಾತ್ರ ಎರಡು ಮಾತಿಲ್ಲ. ಕೆಳರೆಪ್ಪೆ ಮುಚ್ಚಿ ಜೆಲ್ ಪ್ಯಾಡ್ ಅಂಟಿಸಿದಳು. ರೆಪ್ಪೆಯ ಒಂದೊಂದೇ ಕೂದಲು ಬಿಡಿಸಿ, ಚರ್ಮಕ್ಕೆ ಅಂಟು ತಾಗದ ಹಾಗೆ ಕೂರಿಸಿದಳು. ಮುಚ್ಚಿದ ಕಣ್ಣಿನೊಳಗೂ ನೇರಳೆ ಮಿಂಚು ಗೊತ್ತಾಗುತ್ತಿತ್ತು. ಉರಿ ಇಲ್ಲವೇ ಇಲ್ಲ. ಮದುವೆ ಮನೆಯ ಹೋಮದ ಹೊಗೆಗೆ ಧಾರಾಕಾರ ಕಣ್ಣೀರು ಬಂತು, ಒಂದು ಎಳೆಯೂ ಕದಲಲಿಲ್ಲ. 2,500 ರೂಪಾಯಿ ಜಾಸ್ತಿಯೇ, ಆದರೂ ಕೊಡಬಹುದು.

ಕೆಲಸಕ್ಕೆ ನಾಲ್ಕು ಸ್ಟಾರ್. ಟಿಪಿಒ ಇಲ್ಲದ ಅಂಟು ತರಿಸಿದರೆ ಫೋನ್ ಮಾಡು ಅಂತ ಹೇಳಿ ಬಂದಿದ್ದೆ. ಮೊನ್ನೆ ಆ ಕಡೆ ಹೋದಾಗ ಇಣುಕಿದೆ, 'ಕೆಮಿಕಲ್ ಫ್ರೀ' ಬೋರ್ಡಿಗೆ ಹೊಸದಾಗಿ ಸೀರಿಯಲ್ ಲೈಟ್ ಹಾಕಿಸಿದ್ದಾರೆ.