ಮೂರು ಟಾರ್ಚ್, ಒಂದು ಪ್ರಿಸಮ್: ಬಣ್ಣದ ಕಿಟ್ ಬಳಸಿ ನೋಡಿದೆ

ಮಗಳಿಗೆ ಅಂತ ತರಿಸಿದ ಕಿಟ್ ಇದು. ಕೆಂಪು, ಹಸಿರು, ನೀಲಿ ಟಾರ್ಚ್‌ಗಳು, ಜೊತೆಗೆ ಗಾಜಿನ ಪ್ರಿಸಮ್. ತಿಂಗಳಿಂದ ಇಬ್ಬರೂ ಬಳಸುತ್ತಿದ್ದೇವೆ. ತುಂಬಾ ಇಷ್ಟವಾಗಿದೆ.

ಕತ್ತಲೆ ಕೋಣೆಯಲ್ಲಿ ಬಿಳಿ ಗೋಡೆಗೆ ಕೆಂಪು, ಹಸಿರು ಬೆಳಕು ಒಟ್ಟಿಗೆ ಬಿಟ್ಟೆವು. ಎರಡೂ ಸೇರಿದ ಕಡೆ ಹಳದಿ! ನಾವು ಹಳದಿ ಟಾರ್ಚ್ ಹಾಕೇ ಇರಲಿಲ್ಲ, ಅಲ್ವಾ? ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಬಣ್ಣ ಹಿಡಿಯುವ ಕೋನ್ ಕೋಶಗಳು ಮೂರು ಬಗೆ. ಹಳದಿ ಬೆಳಕು ಬಿದ್ದರೆ ಮುಖ್ಯವಾಗಿ ಎರಡು ಬಗೆಯವು ಎಚ್ಚರವಾಗುತ್ತವೆ. ಕೆಂಪು, ಹಸಿರು ಸೇರಿ ಬಿದ್ದರೂ ಅವೇ ಎರಡು. ಮಿದುಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಟಿವಿ, ಮೊಬೈಲ್ ಪರದೆಯ ಹಳದಿಯೂ ಹೀಗೇ ಹುಟ್ಟುವುದು.

ಮೂರೂ ಟಾರ್ಚ್ ಅಕ್ಕಪಕ್ಕ ಇಟ್ಟು, ಗೋಡೆಗೂ ಅವುಗಳಿಗೂ ನಡುವೆ ಕೈ ಹಿಡಿದು ನೋಡಿ. ಮಗಳ ಐದು ಬೆರಳಿಗೆ ಹದಿನೈದು ನೆರಳು ಬಿದ್ದವು. ಕೆಂಪು ತಡೆದ ಕಡೆ ಹಸಿರು ಬೆರೆತ ತಿಳಿನೀಲಿ, ಹಸಿರು ತಡೆದ ಕಡೆ ಕಡು ಗುಲಾಬಿ, ನೀಲಿ ತಡೆದ ಕಡೆ ಹಳದಿ. ಅವಳು ಸುಮ್ನೆ ಬೆರಳು ಆಡಿಸುತ್ತಾ ಅರ್ಧ ಗಂಟೆ ನಿಂತಿದ್ದಳು.

ಪ್ರಿಸಮ್ ಚೆನ್ನಾಗಿದೆ, ಅಂಚು ಚೂಪಾಗಿದೆ. ಬಿಸಿಲಿಗೆ ಹಿಡಿದರೆ ಕೆಂಪು ಕಡಿಮೆ ಬಾಗಿ, ನೇರಳೆ ಹೆಚ್ಚು ಬಾಗಿ ಪಟ್ಟಿ ಮೂಡುತ್ತದೆ. ಬಿಳಿ ಬೆಳಕಲ್ಲೇ ಈ ಬಣ್ಣಗಳಿವೆ ಎಂದು ನ್ಯೂಟನ್ 1672ರಲ್ಲಿ ಪ್ರಕಟಿಸಿದ್ದು ಇದನ್ನೇ.

ಕೊರತೆ ಒಂದೇ. ನೀಲಿ ಟಾರ್ಚ್ ಮಂಕು, ಹಾಗಾಗಿ ಮೂರೂ ಸೇರಿದರೆ ಬಿಳಿ ಬದಲು ಹಳದಿ ಛಾಯೆ ಬರುತ್ತದೆ. ಉಳಿದೆರಡರ ಮೇಲೆ ತೆಳು ಟಿಶ್ಯೂ ಕಾಗದ ಸುತ್ತಿದೆ, ಸರಿಹೋಯಿತು. ಟಾರ್ಚನ್ನು ಮಕ್ಕಳು ನೇರ ಕಣ್ಣಿಗೆ ಹಿಡಿಯದಂತೆ ಮಾತ್ರ ಪಕ್ಕದಲ್ಲೇ ಇರಿ.