ಫ್ರೀ ಡೆಲಿವರಿ, ವರ್ಷದ ಚಂದಾ, ತೂಕದ ಚಾರ್ಜ್: ಮೂರನ್ನೂ ಬಳಸಿ ನೋಡಿದ ಮೇಲೆ

ಶಾಯಿ ಬಾಟಲಿ ಒಂದು, ನಿಬ್ಬು ಎರಡು, ದಪ್ಪ ಹಾಳೆಯ ನೋಟ್‌ಬುಕ್ಕು ಒಂದು. ನಾನು ಆನ್‌ಲೈನ್‌ನಲ್ಲಿ ತರಿಸುವುದು ಹೆಚ್ಚುಕಡಿಮೆ ಇಷ್ಟೇ, ಅದೂ ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ. ನನ್ನಂಥ ಸಣ್ಣ ಗಿರಾಕಿಗಳಿಗೆ ಸಾಮಾನಿನ ಬೆಲೆಗಿಂತ ಡೆಲಿವರಿ ಚಾರ್ಜಿನದೇ ದೊಡ್ಡ ತಲೆನೋವು. ಎಷ್ಟೋ ಸಲ ಮೂಗಿಗಿಂತ ಮೂಗುತಿ ಭಾರ. ಎರಡು ವರ್ಷದಲ್ಲಿ ಮೂರು ಬಗೆಯ ಅಂಗಡಿ ನೋಡಿದೆ. ಒಂದರಲ್ಲಿ ಇಂತಿಷ್ಟು ಮೊತ್ತ ದಾಟಿದರೆ ಡೆಲಿವರಿ ಫ್ರೀ. ಇನ್ನೊಂದರಲ್ಲಿ ವರ್ಷದ ಚಂದಾ ಕಟ್ಟಿದರೆ ಎಲ್ಲವೂ ಫ್ರೀ. ಮೂರನೆಯದರಲ್ಲಿ ಫ್ರೀ ಎಂಬ ಮಾತೇ ಇಲ್ಲ, ತೂಕ ನೋಡಿ ಚಾರ್ಜ್ ಹಾಕುತ್ತಾರೆ. ನಾನು ಈಗ ತರಿಸುವುದೆಲ್ಲ ಆ ಮೂರನೆಯ ಕಡೆಯಿಂದಲೇ. ಅಲ್ಲಿಗೆ ಬಂದು ನಿಂತದ್ದಕ್ಕೆ ಕಾರಣ ಒಂದು ನೋಟ್‌ಬುಕ್ಕು.

ಮಿತಿಯ ಅಂಗಡಿಯಲ್ಲಿ ನಡೆದದ್ದು ಅದು. ಲೆಕ್ಕ ಸುಲಭವಾಗಲಿ ಎಂದು ಫ್ರೀ ಡೆಲಿವರಿಯ ಮಿತಿ 100 ಎಂದಿಟ್ಟುಕೊಳ್ಳೋಣ. ನೋಟ್‌ಬುಕ್ಕಿಗೆ 46, ಶಾಯಿಗೆ 38, ಒಟ್ಟು 84. ಮಿತಿ ಮುಟ್ಟದಿದ್ದರೆ ಡೆಲಿವರಿಗೆ 12 ಕೊಡಬೇಕು. ಆ 12 ಉಳಿಸಲು 18ರ ರಬ್ಬರ್ ಪ್ಯಾಕೆಟ್ ಒಂದನ್ನು ಬುಟ್ಟಿಗೆ ಹಾಕಿದೆ. ಶಾಯಿಯಲ್ಲಿ ಬರೆಯುವ ನನಗೆ ರಬ್ಬರಿನಿಂದ ಆಗಬೇಕಾದ್ದೇನೂ ಇರಲಿಲ್ಲ. ಕಾರ್ಟಿನ ಮೇಲಿನ ಹಸಿರು ಪಟ್ಟಿ ತುಂಬಿ ‘ಡೆಲಿವರಿ ಉಚಿತ’ ಎಂದಾಗ ಏನೋ ಗೆದ್ದ ಹಾಗಾಯಿತು, ನಿಜ. ಲೆಕ್ಕದಲ್ಲಿ ಮಾತ್ರ 6 ಹೆಚ್ಚಿಗೆ ಕೊಟ್ಟಿದ್ದೆ.

ಪಾರ್ಸೆಲ್ ಬಿಚ್ಚಿದರೆ ನೋಟ್‌ಬುಕ್ಕಿನ ತುಂಬ ಗೆರೆ. ನಾನು ಕೇಳಿದ್ದು ಗೆರೆಯಿಲ್ಲದ್ದು. ರಟ್ಟಿನ ಹಿಂದಿನ ಚೀಟಿಯಲ್ಲೂ ಗೆರೆಯಿಲ್ಲದ್ದು ಎಂದೇ ಅಚ್ಚಾಗಿತ್ತು, ಒಳಗಿನ ಹಾಳೆ ಬೇರೆ. ವಾಪಸ್ ಕಳಿಸಿದೆ. ತಕರಾರಿಲ್ಲದೆ ತೆಗೆದುಕೊಂಡು ಹೋದರು. ನಾಲ್ಕು ದಿನದ ಮೇಲೆ ರೀಫಂಡ್ ಬಂತು: 46 ಅಲ್ಲ, 34. ನೋಟ್‌ಬುಕ್ಕು ಹಿಂದಕ್ಕೆ ಹೋದ ಮೇಲೆ ನನ್ನ ಹತ್ತಿರ ಉಳಿದ ಸಾಮಾನು 56ರದ್ದು, ಅದು 100ಕ್ಕಿಂತ ಕಡಿಮೆ, ಹಾಗಾಗಿ ಆ ಆರ್ಡರ್ ಫ್ರೀ ಡೆಲಿವರಿಗೆ ಅರ್ಹವಲ್ಲ, ಹಾಗಾಗಿ 12 ಕಡಿತ. ತಪ್ಪು ಮಾಲು ಕಳಿಸಿದವರು ಅವರು, ದಂಡ ಕಟ್ಟಿದವನು ನಾನು.

ಕಸ್ಟಮರ್ ಕೇರಿಗೆ ಮೂರು ಸಲ ಚಾಟ್ ಮಾಡಿದೆ. ಮೂರು ಸಲವೂ ಬೇರೆ ಬೇರೆಯವರು, ಮೂರು ಸಲವೂ ಮೊದಲಿಂದ ಕತೆ ಹೇಳಬೇಕು. ಚೀಟಿಯನ್ನೂ ಒಳಗಿನ ಹಾಳೆಯನ್ನೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆದು ಕಳಿಸಿದೆ. ‘ಸಿಸ್ಟಮ್ ತಾನಾಗಿ ಲೆಕ್ಕ ಹಾಕುತ್ತದೆ, ಕಾರಣ ಏನೇ ಇರಲಿ’ ಎಂಬುದು ಮೊದಲ ಎರಡು ಉತ್ತರ. ಮೂರನೆಯವರು ಒಪ್ಪಿ 12ರ ಕೂಪನ್ ಕೊಟ್ಟರು. 60 ದಿನ ಚಾಲ್ತಿ. ಕೆಳಗೆ ಸಣ್ಣ ಅಕ್ಷರದಲ್ಲಿ: ಫ್ರೀ ಡೆಲಿವರಿ ಮಿತಿ ದಾಟಿದ ಆರ್ಡರ್‌ಗಳಿಗೆ ಮಾತ್ರ.

ಆಯಿತು ಎಂದು ಮುಂದಿನ ತಿಂಗಳು 87ರಷ್ಟು ಸಾಮಾನು ಬುಟ್ಟಿಯಲ್ಲಿ ಇಟ್ಟುಕೊಂಡಿದ್ದೆ. ಮಿತಿಗೆ ಇನ್ನು 13 ಸಾಕಿತ್ತು. ಎರಡು ದಿನ ಬಿಟ್ಟು ನೋಡಿದರೆ ಹಸಿರು ಪಟ್ಟಿ ಅರ್ಧಕ್ಕಿಂತ ಸ್ವಲ್ಪ ಮುಂದೆ ನಿಂತಿದೆ: ಉಚಿತ ಡೆಲಿವರಿಗೆ ಇನ್ನೂ 53. ಮಿತಿ 140 ಆಗಿತ್ತು. ಒಂದು ಮೇಲ್ ಇಲ್ಲ, ಒಂದು ಸಾಲಿನ ಸೂಚನೆ ಇಲ್ಲ. ಕೂಪನ್ ಹಾಗೇ ಅವಧಿ ಮುಗಿದು ಹೋಯಿತು.

ಮಿತಿ ಏರಿಸುವುದು ಹೊಸದೇನಲ್ಲ. ಅಮೆಜಾನ್ ಅಮೆರಿಕದಲ್ಲಿ 2002ರ ಆರಂಭದಲ್ಲಿ 99 ಡಾಲರ್ ದಾಟಿದ ಆರ್ಡರಿಗೆ ಫ್ರೀ ಶಿಪ್ಪಿಂಗ್ ಎಂದು ಶುರುಮಾಡಿ, ಅದೇ ವರ್ಷದಲ್ಲಿ 25ಕ್ಕೆ ಇಳಿಸಿತು. 2013ರಲ್ಲಿ ಅದು 35 ಆಯಿತು, 2016ರಲ್ಲಿ 49. ಮರುವರ್ಷ ಮತ್ತೆ 35, ಕೆಲವೇ ತಿಂಗಳಲ್ಲಿ ಮತ್ತೆ 25. ಪೈಪೋಟಿ ಇದ್ದಾಗ ಇಳಿಯುತ್ತದೆ, ಜನ ಒಗ್ಗಿಕೊಂಡಾಗ ಏರುತ್ತದೆ. ವ್ಯಾಪಾರ ಅಂದಮೇಲೆ ಅದು ಇದ್ದದ್ದೇ. ಆದರೆ ಮಿತಿ ಎಂಬುದು ಬರೀ ಬೆಲೆಯಲ್ಲ, ನಾವು ಬುಟ್ಟಿ ತುಂಬುವ ರೀತಿಯನ್ನೇ ಅದು ರೂಪಿಸಿರುತ್ತದೆ. ನೆಂಟರ ಆರ್ಡರನ್ನೂ ಸೇರಿಸಿ ತರಿಸುವವರಿದ್ದಾರೆ, ತಿಂಗಳುಗಟ್ಟಲೆ ಬುಟ್ಟಿಯಲ್ಲಿಟ್ಟು ಕಾಯುವವರಿದ್ದಾರೆ. ನಾನೂ ಕಾದೆ. ಕಾಯುತ್ತಿರುವಾಗಲೇ ಶಾಯಿ ಮುಗಿದು ಎರಡು ವಾರ ಬಾಲ್ ಪೆನ್ನಿನಲ್ಲಿ ಬರೆದೆ. ಹೀಗೆ ಹೊಂದಿಕೊಂಡವರ ಎದುರು ರಾತ್ರೋರಾತ್ರಿ ಗೆರೆ ಸರಿಸಿದರೆ ಸಿಟ್ಟು ಬರದೇ ಇರುತ್ತದೆಯೇ? ಆ 40 ನನಗೆ ಅಷ್ಟು ಚುಚ್ಚಲಿಲ್ಲ. ಹೇಳದೇ ಮಾಡಿದ್ದು ಚುಚ್ಚಿತು.

ಚಂದಾ ಅಂಗಡಿಯ ಬಗ್ಗೆ ಇಷ್ಟು ದೂರು ಇಲ್ಲ. ಡೆಲಿವರಿ ಮರುದಿನವೇ, ಪ್ಯಾಕಿಂಗ್ ಚೆನ್ನ, ರಿಟರ್ನ್ ಸಲೀಸು. ವರ್ಷದ ಚಂದಾ ಸುಮಾರು ಹತ್ತು ಡೆಲಿವರಿ ಚಾರ್ಜಿಗೆ ಸಮ, ಅಂದರೆ ಹತ್ತಕ್ಕಿಂತ ಹೆಚ್ಚು ಸಲ ತರಿಸಿದರೆ ಲಾಭ. ವರ್ಷದ ಕೊನೆಗೆ ಆರ್ಡರ್ ಪಟ್ಟಿ ತೆಗೆದು ಕಾಗದದ ಮೇಲೆ ಗೀಟು ಹಾಕುತ್ತ ಎಣಿಸಿದೆ: 23. ಹಿಂದಿನ ವರ್ಷ 9. ಲಾಭವೇ ಆಯಿತಲ್ಲ ಅನ್ನಿಸಿತು, ಒಟ್ಟು ಖರ್ಚು ಕೂಡಿಸುವ ತನಕ. ಅದು ಮೂರನೇ ಒಂದು ಪಾಲಿಗಿಂತ ಜಾಸ್ತಿ ಏರಿತ್ತು. 23ರಲ್ಲಿ 11 ಆರ್ಡರ್ ಒಂದೊಂದೇ ವಸ್ತುವಿನವು: ಒಂದು ಕ್ಲಿಪ್, ಒಂದು ಅಂಟಿನ ಬಾಟಲಿ. ಹೇಗೂ ಡೆಲಿವರಿಗೆ ದುಡ್ಡಿಲ್ಲ ಎಂದು ನೆನಪಾದಾಗೆಲ್ಲ ಒತ್ತಿದ್ದೆ.

ಮರುವರ್ಷಕ್ಕೆ ಚಂದಾ ಏರಿತು. ಒಂದು ತಿಂಗಳು ಮುಂಚೆಯೇ ಮೇಲ್ ಬಂದಿತ್ತು, ಅದಕ್ಕೆ ಮೆಚ್ಚುಗೆ ಇದೆ. ಚಂದಾದ ಏರಿಕೆಗೆ ಗದ್ದಲ ಕಡಿಮೆ ಅನ್ನುವುದು ನನ್ನ ಅನುಭವ, ಕಾರಣ ಅದು ವರ್ಷಕ್ಕೊಮ್ಮೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅಮೆಜಾನ್ ಪ್ರೈಮ್ ಅಮೆರಿಕದಲ್ಲಿ 2005ರಲ್ಲಿ 79 ಡಾಲರಿಗೆ ಶುರುವಾಗಿ 2014ರಲ್ಲಿ 99, 2018ರಲ್ಲಿ 119, 2022ರಲ್ಲಿ 139 ಆಗಿದೆ. ಪ್ರತಿ ಸಲವೂ 20 ಡಾಲರ್. ಆದರೂ ಜನ ಬಿಟ್ಟುಹೋಗಲಿಲ್ಲ. ವಾರಕ್ಕೆರಡು ಸಲ ತರಿಸುವ ಮನೆಗೆ ಅದು ನಿಜವಾಗಿಯೂ ಅಗ್ಗ. ನನ್ನ ಬಜೆಟ್ ಅಂಥದ್ದಲ್ಲ. ನಿಲ್ಲಿಸಿದೆ.

ಈಗ ತೂಕದ ಅಂಗಡಿ. ಸಾಮಾನಿನ ಬೆಲೆಯ ಪಕ್ಕದಲ್ಲೇ ಅದರ ತೂಕ, ಅದರ ಕೆಳಗೇ ಡೆಲಿವರಿ ಎಷ್ಟು ಬೀಳುತ್ತದೆ ಎಂಬ ಸಾಲು. 500 ಗ್ರಾಂ ತನಕ ಒಂದು ದರ, ಆಮೇಲೆ ಪ್ರತಿ 500 ಗ್ರಾಮಿಗೆ ಇಷ್ಟಿಷ್ಟು. ಪೇಮೆಂಟ್ ಪುಟಕ್ಕೆ ಬಂದಾಗ ಹೊಸದಾಗಿ ಏನೂ ಸೇರಿಕೊಳ್ಳುವುದಿಲ್ಲ. ಹ್ಯಾಂಡ್ಲಿಂಗ್, ಪ್ಲಾಟ್‌ಫಾರ್ಮ್ ಎಂಬ ಬಾಲಂಗೋಚಿ ಇಲ್ಲ.

ಇಲ್ಲೂ ಒಮ್ಮೆ ಬೆಚ್ಚಿಬಿದ್ದೆ. ಮೇಜಿನ ದೀಪ, ತೂಕ 1.2 ಕಿಲೋ, ಚಾರ್ಜ್ ಹಾಕಿದ್ದು 5 ಕಿಲೋಗೆ. ಕೇಳಿದೆ. ಅದೇ ದಿನ ಉತ್ತರ ಬಂತು, ಪೆಟ್ಟಿಗೆಯ ಅಳತೆ ಸಮೇತ: 40, 30, 20 ಸೆಂಟಿಮೀಟರ್. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 4.8. ಕೊರಿಯರ್‌ನವರ ಭಾಷೆಯಲ್ಲಿ ಇದು ವಾಲ್ಯುಮೆಟ್ರಿಕ್ ತೂಕ. ಹಗುರವಾದ ದೊಡ್ಡ ಪೆಟ್ಟಿಗೆ ಗಾಡಿಯಲ್ಲಿ ಭಾರದ ಪೆಟ್ಟಿಗೆಯಷ್ಟೇ ಜಾಗ ತಿನ್ನುತ್ತದೆ, ಹಾಗಾಗಿ ನಿಜವಾದ ತೂಕ, ಈ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ವಿಮಾನದಲ್ಲಿ ಹೋಗುವ ಸರಕಿಗೆ ಈ ಲೆಕ್ಕ ಹಳೆಯದು. ಯುಪಿಎಸ್ ಮತ್ತು ಫೆಡೆಕ್ಸ್ ಎಂಬ ಕೊರಿಯರ್ ಕಂಪನಿಗಳು ಅಮೆರಿಕದಲ್ಲಿ ರಸ್ತೆಯಲ್ಲಿ ಹೋಗುವ ಎಲ್ಲ ಪಾರ್ಸೆಲ್ಲಿಗೂ ಇದನ್ನು ಹಚ್ಚಿದ್ದು 2015ರ ಹೊಸ್ತಿಲಲ್ಲಿ. ಮಿತಿಯ ಅಂಗಡಿಗಳೂ ಇದೇ ಖರ್ಚು ಹೊರುತ್ತವೆ, ನಮಗೆ ತೋರಿಸುವುದಿಲ್ಲ, ಸಾಮಾನಿನ ಬೆಲೆಯಲ್ಲಿ ಬೆರೆಸಿರುತ್ತವೆ ಅಷ್ಟೆ. ಸೂತ್ರ ಗೊತ್ತಾದ ಮೇಲೆ ಆ ದೀಪ ಬಿಟ್ಟು ಕೈ ಮಡಚುವ ದೀಪ ಹುಡುಕಿದೆ. ಪೆಟ್ಟಿಗೆ 30, 20, 15. ಲೆಕ್ಕಕ್ಕೆ 1.8 ಕಿಲೋ. ಅದೇ ಈಗ ಮೇಜಿನ ಮೇಲಿದೆ.

ಇವರೂ ದರ ಏರಿಸಿದರು, ಶೇಕಡಾವಾರು ನೋಡಿದರೆ ಮಿತಿಯ ಅಂಗಡಿಯ ಏರಿಕೆಗಿಂತಲೂ ಜಾಸ್ತಿಯೇ. ಹತ್ತು ದಿನ ಮುಂಚೆ ಪುಟದ ಮೇಲ್ಗಡೆ ಹಳೆಯ ದರ, ಹೊಸ ದರ ಅಕ್ಕಪಕ್ಕ ಇಟ್ಟರು. ಆಗಲೇ ಬುಟ್ಟಿಯಲ್ಲಿದ್ದ ಸಾಮಾನಿಗೆ ಹಳೆಯ ದರವೇ ಎಂದು ಬರೆದರು, ಹಾಗೇ ನಡೆದುಕೊಂಡರು. ನನಗೆ ಸಿಟ್ಟೇ ಬರಲಿಲ್ಲ. ಒಮ್ಮೆ ನಿಬ್ಬು ಅದಲುಬದಲಾಗಿ ಬಂದಾಗ ಹೋಗುವ ಚಾರ್ಜು, ಬರುವ ಚಾರ್ಜು ಎರಡನ್ನೂ ಖಾತೆಗೇ ಹಾಕಿದರು, ಕೂಪನ್ ಆಗಿ ಅಲ್ಲ.

ಹಾಗಂತ ಚಾರ್ಜ್ ಬೇರೆ ತೋರಿಸುವವರೆಲ್ಲ ಸಾಚಾ ಎಂದುಕೊಳ್ಳಬೇಡಿ. ಇಬೇ ಎಂಬ ಹರಾಜಿನ ಜಾಲತಾಣದಲ್ಲಿ ಒಂದು ಸೆಂಟಿಗೆ ಸಾಮಾನು ಇಟ್ಟು ಶಿಪ್ಪಿಂಗ್‌ನಲ್ಲಿ ದುಡ್ಡು ಎಳೆಯುವವರಿದ್ದರು. 2011ರಲ್ಲಿ ಇಬೇ ಶಿಪ್ಪಿಂಗ್ ಮೊತ್ತದ ಮೇಲೂ ಮಾರಾಟಗಾರರಿಂದ ಕಮಿಷನ್ ಪಡೆಯಲು ಶುರುಮಾಡಿದ್ದರ ಹಿಂದೆ ಈ ಕಾಟವೂ ಇತ್ತು. ಅಲ್ಲೇ ಸಿಡಿ, ಎಕ್ಸ್‌ಬಾಕ್ಸ್ ಆಟಗಳನ್ನು ಹರಾಜಿಗಿಟ್ಟು ತಂಜೀಂ ಹುಸೇನ್ ಮತ್ತು ಜಾನ್ ಮಾರ್ಗನ್ ಎಂಬ ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿ 2006ರಲ್ಲಿ ಬರೆದಿದ್ದಾರೆ: ಎರಡೂ ಸೇರಿ ಮೊತ್ತ ಅಷ್ಟೇ ಇದ್ದರೂ, ಆರಂಭದ ಬೆಲೆ ಕಡಿಮೆ ಇಟ್ಟು ಶಿಪ್ಪಿಂಗ್ ಜಾಸ್ತಿ ಇಟ್ಟಾಗ ಸಾಮಾನ್ಯವಾಗಿ ಹೆಚ್ಚು ದುಡ್ಡು ಹುಟ್ಟಿತು. ಕಣ್ಣು ಮೊದಲು ಸಾಮಾನಿನ ಬೆಲೆಗೇ ಹೋಗುತ್ತದೆ. ಅದಕ್ಕೇ ನಾನು ಯಾವ ಅಂಗಡಿಯಾದರೂ ಮನೆಬಾಗಿಲಿಗೆ ಬಂದು ಬೀಳುವ ಒಟ್ಟು ಮೊತ್ತವನ್ನೇ ಬರೆದುಕೊಂಡು ಹೋಲಿಸುತ್ತೇನೆ.

ತೂಕದ ಅಂಗಡಿಯ ಕೊರತೆಗಳೂ ಇವೆ. ಐದಾರು ದಿನ ಕಾಯಬೇಕು. ಶಾಯಿಯ ಬಣ್ಣಗಳಲ್ಲಿ ಆಯ್ಕೆ ಕಡಿಮೆ. ಮನಸ್ಸು ಬದಲಾಗಿ ವಾಪಸ್ ಮಾಡಿದರೆ ಸಾಗಣೆ ನಮ್ಮದೇ. ಒಂದೇ ಸಲಕ್ಕೆ ಬುಟ್ಟಿ ತುಂಬ ಕೊಳ್ಳುವವರಿಗೆ, ವಾಪಸ್ ಮಾಡುವ ಅಭ್ಯಾಸ ಇಲ್ಲದವರಿಗೆ ಮಿತಿಯ ಅಂಗಡಿಯೇ ಸಾಕು. ನಾನು ಹಾಸಿಗೆ ಇದ್ದಷ್ಟೇ ಕಾಲು ಚಾಚುವವನು, ಬೇಕಾದ್ದು ಬೇಕಾದಾಗ ಮಾತ್ರ ಕೊಳ್ಳುವವನು. ನನಗೆ ಮೊದಲೇ ಗೊತ್ತಿರುವ ಚಾರ್ಜ್ ಕೊಡುವುದು ಕಷ್ಟವಲ್ಲ.

ಈ ತಿಂಗಳದ್ದು ನಿನ್ನೆ ಆರ್ಡರ್ ಮಾಡಿದೆ. ಎರಡು ಶಾಯಿ ತರಿಸೋಣ ಎಂದಿದ್ದೆ. ಗಾಜಿನ ಬಾಟಲಿ ಒಂದೊಂದು 310 ಗ್ರಾಂ, ಎರಡಾದರೆ 500 ದಾಟುತ್ತದೆ. ಒಂದನ್ನು ತೆಗೆದು ಆ ಜಾಗಕ್ಕೆ 170 ಗ್ರಾಮಿನ ತೆಳ್ಳನೆಯ ನೋಟ್‌ಬುಕ್ಕು ಹಾಕಿದೆ, ಗೆರೆಯಿಲ್ಲದ್ದು. ಒಟ್ಟು 480. ಮೊದಲ ದರದಲ್ಲೇ ಬರುತ್ತಿದೆ.