ಎಬಿ 540 ವಿನಾಯಿತಿ: ಮನೆ ಎಲ್ಲಿ ಎಂದಲ್ಲ, ಓದಿದ್ದು ಎಲ್ಲಿ ಎಂದು ಕೇಳುವ ಅರ್ಜಿ

ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಎಲ್ಲರ ಬಾಯಲ್ಲಿರುವ ಯುಸಿ, 2025-26ರಲ್ಲಿ ಪದವಿಗೆ ಹೊಸದಾಗಿ ಸೇರಿದ, ರಾಜ್ಯದ ಹೊರಗಿನ ವಿದ್ಯಾರ್ಥಿಗಳಿಂದ ಮಾಮೂಲಿ ಶುಲ್ಕದ ಮೇಲೆ ವರ್ಷಕ್ಕೆ 37,602 ಡಾಲರ್ ಹೆಚ್ಚುವರಿಯಾಗಿ ವಸೂಲು ಮಾಡುತ್ತದೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ ಒಂದೂವರೆ ಲಕ್ಷ ಡಾಲರ್. ಎರಡು ವರ್ಷದ ಸಮುದಾಯ ಕಾಲೇಜುಗಳಲ್ಲಿ ರಾಜ್ಯದವರಿಗೆ ಒಂದು ಯೂನಿಟ್‌ಗೆ (ಕೋರ್ಸನ್ನು ಅಳೆಯುವ ಕ್ರೆಡಿಟ್) 46 ಡಾಲರ್, ಹೊರಗಿನವರಿಗೆ ಅದರ ಹಲವು ಪಟ್ಟು. ಈ ಹೆಚ್ಚುವರಿಯನ್ನು ಪೂರ್ತಿಯಾಗಿ ತೆಗೆದುಹಾಕುವುದು ಎಬಿ 540 ಎಂಬ ರಾಜ್ಯದ ಕಾನೂನು, ಅದಕ್ಕೆ ಕೊಡಬೇಕಾದದ್ದು ಒಂದು ಅಫಿಡವಿಟ್. ಕ್ಯಾಲಿಫೋರ್ನಿಯಾ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಸೌಲಭ್ಯಗಳಲ್ಲಿ ಇಷ್ಟು ಕಡಿಮೆ ಕಾಗದಕ್ಕೆ ಇಷ್ಟು ದೊಡ್ಡ ಮೊತ್ತ ಉಳಿಸುವಂಥದ್ದು ಇನ್ನೊಂದು ಸಿಗುವುದು ಕಷ್ಟ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಉಳಿದ ಒಂದು ಅಂಕ ಹೋಗುವುದು ಎಲ್ಲಿ ಎಂಬುದು ಬೇ ಏರಿಯಾದ ಕನ್ನಡದ ಮನೆಗಳಿಗೆ ಮುಖ್ಯವಾದ ವಿಷಯ, ಅದನ್ನು ಮುಂದೆ ನೋಡೋಣ.

ನಮ್ಮಲ್ಲಿ ಸಿಇಟಿಗೆ ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರ ಮಾಡಿಸಿದವರಿಗೆ ಇದರ ತರ್ಕ ತಕ್ಷಣ ಹಿಡಿಯುತ್ತದೆ. ಇಲ್ಲಿ ಏಳರ ಬದಲು ಮೂರು. ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿರಬೇಕು, ಅಲ್ಲೇ ಹೈಸ್ಕೂಲ್ ಡಿಪ್ಲೊಮಾ (ಹನ್ನೆರಡನೇ ತರಗತಿ ಮುಗಿಸಿದ ಪ್ರಮಾಣಪತ್ರ) ಅಥವಾ ಜಿಇಡಿಯಂಥ ಸಮಾನ ಅರ್ಹತೆ ಪಡೆದಿರಬೇಕು. ಪೌರತ್ವ ಬೇಕಿಲ್ಲ, ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕಿಲ್ಲ. 2001ರಲ್ಲಿ ಕಾನೂನು ಬರೆದವರು ವಾಸಸ್ಥಳದ ಬದಲು ಶಾಲೆಯ ವರ್ಷಗಳನ್ನು ಹಿಡಿದದ್ದಕ್ಕೆ ಕಾರಣವಿತ್ತು. ವಾಸದ ಆಧಾರದ ಮೇಲೆ ವಲಸೆ ದಾಖಲೆ ಇಲ್ಲದವರಿಗೆ ಕೊಡುವ ಶುಲ್ಕದ ಅನುಕೂಲ ಎಲ್ಲ ಅಮೆರಿಕನ್ ಪ್ರಜೆಗಳಿಗೂ ಸಿಗಬೇಕು ಎನ್ನುತ್ತದೆ 1996ರ ಕೇಂದ್ರ ಕಾನೂನು. ಎಬಿ 540 ಪ್ರಜೆಗಳಿಗೂ ತೆರೆದಿದೆ. ಹೈಸ್ಕೂಲು ಫ್ರೀಮಾಂಟ್‌ನಲ್ಲಿ ಮುಗಿಸಿ, ಅಪ್ಪನ ಕೆಲಸದ ಹಿಂದೆ ಆಸ್ಟಿನ್‌ಗೋ ಬೆಂಗಳೂರಿಗೋ ಹೋಗಿ, ಮತ್ತೆ ಯುಸಿಗೆ ಬರುವ ಅಮೆರಿಕನ್ ಪ್ರಜೆಗೂ ಇದೇ ಅರ್ಜಿ. ರಾಜ್ಯದ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಎತ್ತಿಹಿಡಿದದ್ದೂ ಈ ಅಂಶದ ಮೇಲೆಯೇ.

ಅರ್ಜಿ ಚಿಕ್ಕದು. ಸಮುದಾಯ ಕಾಲೇಜಾದರೆ ಅಡ್ಮಿಷನ್ಸ್ ಅಂಡ್ ರೆಕಾರ್ಡ್ಸ್ ವಿಭಾಗಕ್ಕೆ ಕೊಡಬೇಕು. ಯುಸಿಯಾದರೆ ಸೀಟು ಒಪ್ಪಿಕೊಂಡ ಮೇಲೆ ಬರುವ ವಾಸಸ್ಥಳದ ಹೇಳಿಕೆಯನ್ನು ಮೊದಲು ತುಂಬಿ, ಆಮೇಲೆ ವಿನಾಯಿತಿಯ ಅರ್ಜಿ. ಓದಿದ ಶಾಲೆಗಳ ಹೆಸರು, ಊರು, ಸೇರಿದ ಮತ್ತು ಬಿಟ್ಟ ತಿಂಗಳು ಬರೆದು ಸಹಿ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಶಾಲೆಯ ಅಧಿಕೃತ ಅಂಕಪಟ್ಟಿ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ನದು, ಎಡವುವುದೂ ಅಲ್ಲೇ. ಡಿಪ್ಲೊಮಾ ಸಿಕ್ಕ ಶಾಲೆಯೊಂದರ ಟ್ರಾನ್ಸ್‌ಕ್ರಿಪ್ಟ್ ಕಳಿಸಿ ಸುಮ್ಮನಾಗುವವರು ಬಹಳ. ಒಂಬತ್ತು ಮತ್ತು ಹತ್ತನೇ ತರಗತಿ ಬೇರೆ ಶಾಲೆಯಲ್ಲಿ ಓದಿದ್ದರೆ ಅದರದ್ದೂ ಬೇಕು, ಇಲ್ಲದಿದ್ದರೆ ಮೂರು ವರ್ಷ ತುಂಬುವುದಿಲ್ಲ. ಶುಲ್ಕ ಕಟ್ಟುವ ದಿನ ಹತ್ತಿರ ಬಂದಾಗ ಶಾಲೆಗೆ ಬೇಸಿಗೆ ರಜೆ ಇರುತ್ತದೆ, ಆಫೀಸಿನಲ್ಲಿ ಯಾರೂ ಸಿಗುವುದಿಲ್ಲ. ಮೇ ತಿಂಗಳಲ್ಲೇ ಕೇಳಿ ಇಟ್ಟುಕೊಳ್ಳಿ. ಕಾಲೇಜು ಬದಲಾಯಿಸಿದರೆ ಅಫಿಡವಿಟ್ ಹೊಸದಾಗಿ ಕೊಡಬೇಕು ಎಂಬುದನ್ನೂ ಮರೆಯಬೇಡಿ.

ದಾಖಲೆ ಇಲ್ಲದ ವಿದ್ಯಾರ್ಥಿಗಳು ಸೋಷಿಯಲ್ ಸೆಕ್ಯುರಿಟಿ ಜಾಗವನ್ನು ಖಾಲಿ ಬಿಡಬೇಕು. ಯಾರದ್ದೋ ಸಂಖ್ಯೆ ಬರೆಯುವುದಾಗಲಿ, ತೆರಿಗೆಯ ಐಟಿಐಎನ್ ಅನ್ನು ಅಲ್ಲಿ ಹಾಕುವುದಾಗಲಿ ಕೂಡದು. ವಲಸೆ ಸ್ಥಿತಿಯನ್ನು ಸಕ್ರಮ ಮಾಡಿಕೊಳ್ಳಲು ಅರ್ಜಿ ಹಾಕಿದ್ದೇನೆ, ಅಥವಾ ಅರ್ಹನಾದ ಕೂಡಲೇ ಹಾಕುತ್ತೇನೆ ಎಂಬ ಸಾಲು ಅಫಿಡವಿಟ್‌ನಲ್ಲಿ ಇರುತ್ತದೆ. ಅದನ್ನು ಓದಿ ಹೆದರಿ ಅರ್ಜಿಯನ್ನೇ ಬಿಟ್ಟವರಿದ್ದಾರೆ. ಅದರ ಅರ್ಥ ಈಗಲೇ ವಲಸೆ ಇಲಾಖೆಗೆ ಹೋಗಬೇಕು ಎಂದಲ್ಲ. ಅಲ್ಲಿ ಬರೆದ ಮಾಹಿತಿಯನ್ನು ಗೌಪ್ಯವಾಗಿ ಇಡಬೇಕೆಂದು ಕಾನೂನೇ ಹೇಳುತ್ತದೆ.

ಮೂರು ವರ್ಷ ಹೈಸ್ಕೂಲು ಆಗಿಲ್ಲವೆಂದು ಕೈಚೆಲ್ಲುವ ಮೊದಲು 2018ರಿಂದ ಜಾರಿಯಲ್ಲಿರುವ ಎಸ್‌ಬಿ 68 ಎಂಬ ಕಾನೂನು ನೋಡಿ. ಹದಿನಾರು ಹದಿನೇಳರ ವಯಸ್ಸಿಗೆ ಬಂದಿಳಿದವರಿಗೆ ಇದೇ ಆಸರೆ. ವಯಸ್ಕರ ಶಾಲೆ ಮತ್ತು ಸಮುದಾಯ ಕಾಲೇಜಿನಲ್ಲಿ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ: ಕ್ರೆಡಿಟ್ ಕೋರ್ಸಾದರೆ ವರ್ಷಕ್ಕೆ 24 ಸೆಮಿಸ್ಟರ್ ಯೂನಿಟ್, ವಯಸ್ಕರ ಶಾಲೆಯಾದರೆ ವರ್ಷಕ್ಕೆ 420 ಗಂಟೆ. ಕ್ರೆಡಿಟ್ ಕೋರ್ಸಿನಿಂದ ಎರಡೇ ವರ್ಷ ಎಣಿಸಬಹುದೆಂಬ ಮಿತಿ 2023ರಲ್ಲಿ ಹೋಯಿತು. ಡಿಪ್ಲೊಮಾದ ಬದಲು ಸಮುದಾಯ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ತೋರಿಸಬಹುದು, ಇಲ್ಲವೇ ಯುಸಿ ಅಥವಾ ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿಗೆ ವರ್ಗಾವಣೆಯಾಗಲು ಬೇಕಾದ ಕನಿಷ್ಠ ಅರ್ಹತೆ ತೋರಿಸಿದರೂ ಸಾಕು. ಒಂಬತ್ತರಿಂದ ಹನ್ನೊಂದರವರೆಗೆ ಸನ್ನಿವೇಲ್‌ನಲ್ಲಿ ಓದಿ ಹನ್ನೆರಡನೆಯದನ್ನು ಬೆಂಗಳೂರಿನಲ್ಲಿ ಮುಗಿಸಿದ ಅಮೆರಿಕನ್ ಪ್ರಜೆಗೂ ದಾರಿ ಇದರಲ್ಲೇ ಇದೆ. ಬೆಂಗಳೂರಿನ ಅಂಕಪಟ್ಟಿಯೊಂದರಿಂದ ಕೆಲಸವಾಗುವುದಿಲ್ಲ.

ವಿನಾಯಿತಿ ಸಿಕ್ಕ ಮಾತ್ರಕ್ಕೆ ರಾಜ್ಯದ ನಿವಾಸಿ ಆಗುವುದಿಲ್ಲ, ಹೆಚ್ಚುವರಿ ಶುಲ್ಕ ಬಿಟ್ಟುಹೋಗುತ್ತದೆ, ಅಷ್ಟೇ. ಉಳಿದ ಶುಲ್ಕಕ್ಕೆ ಕೇಂದ್ರದ ಪೆಲ್ ಗ್ರಾಂಟ್ ಎಂಬ ಸಹಾಯಧನ ದಾಖಲೆ ಇಲ್ಲದವರಿಗೆ ಇಲ್ಲ. ರಾಜ್ಯದ ಸಹಾಯಧನವಾದ ಕ್ಯಾಲ್ ಗ್ರಾಂಟ್‌ಗೆ ಅವರು ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್ ಅರ್ಜಿಯನ್ನು ಬೇರೆಯಾಗಿ ಹಾಕಬೇಕು, ಮಾಮೂಲಿಯಾಗಿ ಮಾರ್ಚ್ 2ರೊಳಗೆ. ಒಂದನ್ನು ಹಾಕಿ ಎರಡೂ ಆಯಿತೆಂದುಕೊಳ್ಳುವವರು ಪ್ರತಿ ವರ್ಷ ಸಿಗುತ್ತಾರೆ.

ಸದ್ಯಕ್ಕೆ ಗಮನವಿಡಬೇಕಾದದ್ದು ನ್ಯಾಯಾಲಯದ ಕಡೆ. ಟೆಕ್ಸಾಸ್‌ನ ಇಂಥದೇ ಕಾನೂನು 2001ರಿಂದ ಇತ್ತು. ಕೇಂದ್ರದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿದೊಡನೆ ರಾಜ್ಯವೇ ಒಪ್ಪಿಕೊಂಡು, 2025ರ ಜೂನ್‌ನಲ್ಲಿ ಅದು ದಾಖಲೆ ಇಲ್ಲದವರ ಪಾಲಿಗೆ ಮುಗಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮೇಲೂ ದಾವೆ ಬಿತ್ತು. ಆದ್ದರಿಂದ ಸೇರುವ ಮುನ್ನ ಕ್ಯಾಂಪಸ್ಸಿನಲ್ಲಿ ಈಗಿನ ಸ್ಥಿತಿ ಕೇಳಿಕೊಳ್ಳಿ.

ಇನ್ನು ಆ ಕಳೆದ ಒಂದು ಅಂಕದ ಮಾತು. ಮಾನವ ಸಾಗಣೆ ಮತ್ತು ಅಪರಾಧದ ಸಂತ್ರಸ್ತರಿಗೆ ಕೊಡುವ ಟಿ ಮತ್ತು ಯು ವೀಸಾ ಬಿಟ್ಟರೆ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಎಬಿ 540 ಇಲ್ಲ. ಎಚ್-4ರಲ್ಲಿ, ಅಂದರೆ ಎಚ್-1ಬಿ ಉದ್ಯೋಗ ವೀಸಾದವರ ಅವಲಂಬಿತ ವೀಸಾದಲ್ಲಿ ಇರುವ ಮಗು ತಂದೆತಾಯಿಯ ಜೊತೆ ರಾಜ್ಯದ ನಿವಾಸಿ ಎಂದು ಸಾಬೀತು ಮಾಡಬಹುದು, ಹಾಗಾಗಿ ಸೇರುವಾಗ ತೊಂದರೆಯಿಲ್ಲ. ಆದರೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡ್ ಸರದಿ ಬಂದಿರದಿದ್ದರೆ ವಿದ್ಯಾರ್ಥಿ ವೀಸಾವಾದ ಎಫ್-1ಗೆ ಹೋಗಬೇಕು, ಅಲ್ಲಿ ಈ ವಿನಾಯಿತಿ ಸಿಗದು. ಒಂದನೇ ತರಗತಿಯಿಂದ ಇಲ್ಲೇ ಓದಿದ ಮಗುವಿಗೆ ಇದು ಅನ್ಯಾಯ, ಶಾಸಕರು ಸರಿಪಡಿಸಲೇಬೇಕಾದ ಅನ್ಯಾಯ. ಶುಲ್ಕ ಉಳಿಯುತ್ತದೆಂದು ವೀಸಾ ಮುಗಿಯಲು ಬಿಡಬೇಡಿ. 180 ದಿನ ದಾಟಿ ಅಕ್ರಮವಾಗಿ ಉಳಿದು ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷ ಉಳಿದಿದ್ದರೆ ಹತ್ತು ವರ್ಷ ವಾಪಸು ಬರುವಂತಿಲ್ಲ. ಬದಲಿಗೆ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಜೋಪಾನವಾಗಿಡಿ. ಓದಿನ ನಡುವೆ ಗ್ರೀನ್ ಕಾರ್ಡ್ ಬಂದರೆ ಎಚ್-4ರಲ್ಲಿ ಓದಿದ ವರ್ಷಗಳೂ ಎಣಿಕೆಗೆ ಬರುತ್ತವೆ. ಮುಂದಿನ ಟರ್ಮ್‌ನ ಶುಲ್ಕ ಕಟ್ಟುವ ಮೊದಲೇ ಅಫಿಡವಿಟ್ ಕೊಡಿ.